ಅಪ್‌ಡೇಟ್: ಕುರ್ಚಿಯಲ್ಲಿ ಜಾರುತ್ತಿದ್ದ ಹಿರಿಯರಿಗೆ ಕೊನೆಗೆ ಯಾವ ರಿಕ್ಲೈನರ್

ಪಾರ್ಕಿನ್ಸನ್ ಇರುವ, ರಿಕ್ಲೈನರ್‌ನಲ್ಲಿ ಕೂತಲ್ಲೇ ಮುಂದಕ್ಕೆ ಜಾರುವ 78ರ ಹಿರಿಯರಿಗೆ ಎಂಥ ಕುರ್ಚಿ ಬರೆದುಕೊಡಬೇಕೆಂದು ಕೇಳಿದ್ದೆ. ಉತ್ತರಿಸಿದವರಿಗೆಲ್ಲ ಥ್ಯಾಂಕ್ಸ್.

ಮುಖ್ಯ ತೊಂದರೆ ಸೀಟಿನ ಆಳದ್ದೇ. ಹಳೆಯದು 56 ಸೆಂ.ಮೀ., ಅವರಿಗೆ ಪೃಷ್ಠದಿಂದ ಮಂಡಿಯ ಹಿಂಭಾಗದವರೆಗೆ ಇರುವುದೇ 47. ಬೆನ್ನು ಒರಗಿಸಿದರೆ ಮಂಡಿ ಮಡಚಲು ಜಾಗವಿಲ್ಲ, ಸೊಂಟ ಮುಂದೆ ಬರಲೇಬೇಕು. ಮೇಲಾಗಿ ತೊಡೆಯ ಹಿಂದಿನ ಸ್ನಾಯು ಬಿಗಿ. ಬೆನ್ನು, ಫುಟ್‌ರೆಸ್ಟ್ ಎರಡನ್ನೂ ಒಟ್ಟಿಗೆ ಚಲಿಸುವ ಸಿಂಗಲ್ ಮೋಟರ್ ಆದ್ದರಿಂದ ಒರಗಲು ಹೋದಾಗಲೆಲ್ಲ ಫುಟ್‌ರೆಸ್ಟ್ ಎದ್ದು ಆ ಸ್ನಾಯು ಸೊಂಟವನ್ನು ಎಳೆಯುತ್ತಿತ್ತು. ಬೆನ್ನಿನ ಬುಡದ ಚರ್ಮ ಕೆಂಪಾಗಿದ್ದೂ ಈ ಜಾರಾಟದಿಂದಲೇ.

ಈಗ ಕೊಟ್ಟಿರುವುದು ಟಿಲ್ಟ್-ಇನ್-ಸ್ಪೇಸ್ (ಸೀಟು-ಬೆನ್ನಿನ ಕೋನ ಬದಲಾಗದೆ ಇಡೀ ಕುರ್ಚಿ ಹಿಂದಕ್ಕೆ ವಾಲುವುದು) ಇರುವ, ಏಳಲು ಮೇಲೆತ್ತಿ ನೆರವಾಗುವ ಲಿಫ್ಟ್ ಕುರ್ಚಿ. ಸೀಟಿನ ಆಳ 43 ಸೆಂ.ಮೀ. ಎತ್ತರ 42, ಇದು ಅವರು ಚಪ್ಪಲಿ ಹಾಕಿಕೊಂಡು ಕೂತು, ಮೆತ್ತೆ ಒತ್ತಿದ ಮೇಲಿನ ಅಳತೆ. ಕ್ಯಾಟಲಾಗಿನ ಸಂಖ್ಯೆಯನ್ನು ನಂಬಬೇಡಿ. ಒರಗುವಾಗ ಮೊದಲು ಟಿಲ್ಟ್, ಆಮೇಲೆ ಬೆನ್ನು; ಫುಟ್‌ರೆಸ್ಟ್ ಅರ್ಧಕ್ಕೆ ಎತ್ತಿದರೆ ಸಾಕು. ಏಳುವಾಗ ಅಂಗಾಲು ಪೂರ್ತಿ ನೆಲಕ್ಕೆ ಊರಿದ ನಂತರವೇ ಲಿಫ್ಟ್ ಬಟನ್.

ಕರೆಂಟ್ ಹೋದರೆ 9 ವೋಲ್ಟಿನ ಎರಡು ಬ್ಯಾಟರಿ ಕುರ್ಚಿಯನ್ನು ನೇರ ಮಾಡುವಷ್ಟಕ್ಕಷ್ಟೇ; ಹಾಗಾಗಿ ಪ್ಲಗ್ ಇನ್ವರ್ಟರ್ ಲೈನಿಗೆ ಹಾಕಿಸಿದ್ದೇವೆ.

ಜಾರುವುದು ನಿಂತಿದೆ, ಪಾದದ ಊತ ಇಳಿದಿಲ್ಲ. ಪಾದವನ್ನು ಎದೆಮಟ್ಟಕ್ಕೂ ಎತ್ತದ ಕುರ್ಚಿಯಿಂದ ಅದನ್ನು ನಿರೀಕ್ಷಿಸಲೂ ಬಾರದು.