ಓದುಗರ ಸ್ಪಂದನ: ಅನುಭವ ಇಲ್ಲದೆ ಕೆಲಸ ಇಲ್ಲ, ಕೆಲಸ ಇಲ್ಲದೆ ಅನುಭವ ಎಲ್ಲಿಂದ?

ಕಳೆದ ವಾರದ ಸಮಸ್ಯೆ: ನಾನು ಶ್ರೀನಿವಾಸಪುರ ತಾಲ್ಲೂಕಿನವಳು, ವಯಸ್ಸು 23. ಬಿ.ಎ.ಯಲ್ಲಿ ಭೂಗೋಳ ಓದಿದ್ದೇನೆ. ಜಿಐಎಸ್‌ನಲ್ಲೇ (ಕಂಪ್ಯೂಟರ್‌ನಲ್ಲಿ ನಕ್ಷೆ ಮಾಡಿ ವಿಶ್ಲೇಷಿಸುವ ತಂತ್ರಜ್ಞಾನ) ಕೆಲಸ ಮಾಡಬೇಕು ಅಂತ ಆಸೆ. ಬೆಂಗಳೂರಿನಲ್ಲಿ ಮೂರು ತಿಂಗಳ ಕೋರ್ಸ್ ಮಾಡಿದೆ. ಹೋದಲ್ಲೆಲ್ಲ ಅನುಭವ ಇದೆಯಾ ಅಂತ ಕೇಳುತ್ತಾರೆ. ಎಂ.ಎಸ್ಸಿ. ಮಾಡಲಾ, ಸಿಕ್ಕಿದ ಕೆಲಸಕ್ಕೆ ಸೇರಲಾ? ಅಪ್ಪ ಮಾತ್ರ, "ನಕ್ಷೆ ಬರೆದರೆ ಯಾರಮ್ಮ ಊಟ ಹಾಕ್ತಾರೆ, ಬಿ.ಇಡಿ. ಮಾಡು" ಅನ್ನುತ್ತಾರೆ.

*

ತಂಗೀ, ಆ ಮೂರು ತಿಂಗಳಲ್ಲಿ ಏನು ಹೇಳಿಕೊಟ್ಟರು ಅಂತ ನೀನು ಬರೆದಿಲ್ಲ. ನಾನೇ ಹೇಳಲಾ? ಯಾವ ಬಟನ್ ಎಲ್ಲಿದೆ, ಬಣ್ಣ ಹೇಗೆ ಬದಲಾಯಿಸುವುದು, ಕೊನೆಗೆ ಅಮೆರಿಕದ ಯಾವುದೋ ಊರಿನ ಡೇಟಾ ಇಟ್ಟುಕೊಂಡು ಒಂದು ನಕ್ಷೆ, ಅದಕ್ಕೊಂದು ಸರ್ಟಿಫಿಕೇಟ್. ನನಗೂ ಅಷ್ಟೇ ಸಿಕ್ಕಿದ್ದು. ಸಂದರ್ಶನದಲ್ಲಿ ಆ ನಕ್ಷೆಯನ್ನು ಯಾರೂ ತಿರುಗಿ ನೋಡಲಿಲ್ಲ. ಯಾಕೆ ನೋಡಬೇಕು, ಅವರ ಮೇಜಿನ ಮೇಲೆ ಅದೇ ನಕ್ಷೆಯ ಇಪ್ಪತ್ತು ಪ್ರತಿ ಇರುತ್ತವೆ.

ನನಗೆ ಕೆಲಸ ಕೊಡಿಸಿದ್ದು ಒಂದು ತಪ್ಪು. ನಾನೇ ಮನೆಯಲ್ಲಿ ಕೂತು ಕ್ಯೂಜಿಐಎಸ್ ಹಾಕಿಕೊಂಡು (ಜಿಐಎಸ್ ನಕ್ಷೆ ಮಾಡುವ ತಂತ್ರಾಂಶ, ಪುಕ್ಕಟೆ, ಸಾಧಾರಣ ಲ್ಯಾಪ್‌ಟಾಪ್ ಸಾಕು) ನಮ್ಮ ಜಿಲ್ಲೆಯ ಕೆರೆಗಳ ನಕ್ಷೆ ಮಾಡಲು ಹೊರಟೆ. ಮಾಲೂರು ಕಡೆಯ ಕೆರೆಗಳ ಶೇಪ್‌ಫೈಲ್ (ಕೆರೆಗಳ ಗಡಿ ಇರುವ ನಕ್ಷೆಯ ಫೈಲ್) ಒಬ್ಬರು ವಾಟ್ಸ್ಆ್ಯಪ್‌ನಲ್ಲಿ ಕಳಿಸಿದ್ದರು. ಅದರ ಜೊತೆ ಬರಬೇಕಿದ್ದ ಪಿಆರ್‌ಜೆ ಫೈಲ್, ಅಂದರೆ ನಕ್ಷೆ ಭೂಮಿಯ ಮೇಲೆ ಯಾವ ಲೆಕ್ಕದಲ್ಲಿ ಕೂರಬೇಕು ಅಂತ ಹೇಳುವ ಫೈಲ್, ಬಂದಿರಲಿಲ್ಲ. ಕೋಲಾರ 44ನೇ ಯುಟಿಎಂ ವಲಯ (ನಕ್ಷೆಯ ಲೆಕ್ಕಕ್ಕೆ ಭೂಮಿಯನ್ನು ಉದ್ದುದ್ದ ಪಟ್ಟಿಗಳಾಗಿ ಹಂಚಿದ್ದರಲ್ಲಿ ಒಂದು) ಅಂತ ಎಲ್ಲೋ ಓದಿದ್ದೆ, ಅದನ್ನೇ ಒತ್ತಿದೆ. ಕೆರೆಗಳೆಲ್ಲ ಮಾಯ! 'ಝೂಮ್ ಟು ಲೇಯರ್' ಒತ್ತಿದರೆ ಸುತ್ತಲೂ ಬರೀ ನೀಲಿ. ಮಾಲೂರಿನ ಕೆರೆಗಳು ಬಂಗಾಳ ಕೊಲ್ಲಿಯ ನಡುವೆ ಕೂತಿದ್ದವು. ನಮ್ಮ ಕೆರೆಗಳಿಗೆ ಅಷ್ಟು ನೀರು ಸಿಕ್ಕಿದ್ದು ಅದೇ ಮೊದಲು ಅಂತ ಮನೆಯಲ್ಲಿ ನಕ್ಕಿದ್ದೇ ನಕ್ಕಿದ್ದು.

ಎರಡು ದಿನ ತಲೆ ಕೆಡಿಸಿಕೊಂಡ ಮೇಲೆ ಗೊತ್ತಾಯಿತು. ಎರಡು ವಲಯಗಳ ಗಡಿಯಾದ 78 ಡಿಗ್ರಿ ರೇಖಾಂಶ ನಮ್ಮ ಜಿಲ್ಲೆಯ ಮೇಲೇ ಹಾದುಹೋಗುತ್ತದೆ. ಮಾಲೂರು ಪಟ್ಟಣ ಅದರ ಪಶ್ಚಿಮಕ್ಕಿದೆ, ಹಾಗಾಗಿ 43ನೇ ವಲಯ. ಕೋಲಾರ, ಬಂಗಾರಪೇಟೆ, ಮುಳಬಾಗಿಲು, ನಿಮ್ಮ ಶ್ರೀನಿವಾಸಪುರ ಎಲ್ಲ ಪೂರ್ವಕ್ಕೆ, 44. ಒಂದೇ ಜಿಲ್ಲೆ, ಎರಡು ಲೆಕ್ಕ. ಸಂದರ್ಶನದಲ್ಲಿ ಈ ಕಥೆಯನ್ನು ಇದ್ದ ಹಾಗೆ ಹೇಳಿದೆ. ಎದುರಿಗಿದ್ದವರು ಪೆನ್ನು ಕೆಳಗಿಟ್ಟು ಕೇಳಿದರು. ಮಾರನೇ ವಾರ ಕರೆದರು.

ನೀನೂ ಹಾಗೊಂದು ಮಾಡು. ಕೆ.ಸಿ. ವ್ಯಾಲಿ ನೀರು (ಬೆಂಗಳೂರಿನ ಕೊಳಚೆ ನೀರನ್ನು ಸಂಸ್ಕರಿಸಿ ನಮ್ಮ ಕೆರೆಗಳಿಗೆ ಹರಿಸುವುದು) 2018ರ ಜೂನ್‌ನಲ್ಲಿ ಮೊದಲು ಲಕ್ಷ್ಮೀಸಾಗರ ಕೆರೆಗೆ ಬಂತಲ್ವಾ, ಅದಕ್ಕೆ ಮುಂಚಿನ ಬೇಸಿಗೆಯ ಒಂದು ಚಿತ್ರ, ಎರಡು ವರ್ಷದ ನಂತರದ ಬೇಸಿಗೆಯ ಒಂದು ಚಿತ್ರ ತಗೋ. ಯುರೋಪಿನ ಸೆಂಟಿನೆಲ್-2 ಉಪಗ್ರಹದ ಚಿತ್ರಗಳಿಗೆ ಕಾಸು ಕೊಡಬೇಕಿಲ್ಲ. ಅದು ಬೆಳಕನ್ನು ಬೇರೆ ಬೇರೆ ಬ್ಯಾಂಡ್‌ಗಳಲ್ಲಿ ಹಿಡಿಯುತ್ತದೆ, 3ನೇ ಬ್ಯಾಂಡ್ ಹಸಿರು, 8ನೇದು ಕಣ್ಣಿಗೆ ಕಾಣದ ಇನ್‌ಫ್ರಾರೆಡ್. ಎರಡರ ವ್ಯತ್ಯಾಸವನ್ನು ಎರಡರ ಮೊತ್ತದಿಂದ ಭಾಗಿಸಿದರೆ ನೀರು ಎದ್ದು ಕಾಣುತ್ತದೆ, ಎನ್‌ಡಿಡಬ್ಲ್ಯುಐ (ನೀರು ಗುರುತಿಸುವ ಸೂಚ್ಯಂಕ) ಅಂದರೆ ಇಷ್ಟೇ. ಒಂದು ಪಿಕ್ಸೆಲ್ 10 ಮೀಟರ್‌ಗೆ 10 ಮೀಟರ್, ಅಂದರೆ ಹೆಚ್ಚುಕಡಿಮೆ ಒಂದು ಗುಂಟೆ! ಪಿಕ್ಸೆಲ್ ಎಣಿಸಿ 40ರಿಂದ ಭಾಗಿಸಿದರೆ ಎಷ್ಟು ಎಕರೆ ನೀರು ಅಂತ ನಿಮ್ಮಪ್ಪನಿಗೂ ಅರ್ಥವಾಗುವ ಭಾಷೆಯಲ್ಲಿ ಹೇಳಬಹುದು. ಆಮೇಲೆ ತಪ್ಪದೆ ಸ್ಕೂಟಿ ಹತ್ತಿ ಕೆರೆಗೆ ಹೋಗು. ನಾನು ಒಣಗಿದೆ ಅಂತ ಗುರುತು ಹಾಕಿದ್ದ ಒಂದು ಕಡೆ ಸೊಂಟದ ತನಕ ನೀರಿತ್ತು, ಮೇಲೆ ಜೊಂಡು ಬೆಳೆದು ಮುಚ್ಚಿಬಿಟ್ಟಿತ್ತು ಅಷ್ಟೆ. ಅದನ್ನೂ ಬರೆದಿಡು.

ಸಿಕ್ಕಿದ ಕೆಲಸಕ್ಕೆ ಸೇರಲಾ ಅಂದೆ. ಸೇರು. ಆದರೆ ಡಿಜಿಟೈಸಿಂಗ್, ಅಂದರೆ ಚಿತ್ರದ ಮೇಲೆ ಗೆರೆ ಎಳೆದು ನಕ್ಷೆ ಮಾಡುವ ಕೆಲಸದಲ್ಲಿ ಒಂದು ವರ್ಷಕ್ಕಿಂತ ಜಾಸ್ತಿ ಕೂರಬೇಡ. ದಿನಕ್ಕೆ ಇಷ್ಟು ಕಟ್ಟಡ ಅಂತ ಟಾರ್ಗೆಟ್ ಕೊಡುತ್ತಾರೆ, ಕೈ ಓಡುತ್ತದೆ, ತಲೆ ನಿಂತುಹೋಗುತ್ತದೆ.
— ಬಂಗಾರಪೇಟೆಯಿಂದ ದಿನಾ ರೈಲಿನಲ್ಲಿ ಬೆಂಗಳೂರಿಗೆ ಓಡಾಡುವ ಅಕ್ಕ

*

ಮಗಳೇ, ನಾನು ಸರ್ವೆ ಇಲಾಖೆಯಿಂದ ನಿವೃತ್ತನಾದವನು. ಕಂಪ್ಯೂಟರ್ ವಿಷಯ ಮಕ್ಕಳಷ್ಟು ಗೊತ್ತಿಲ್ಲ. ಆದರೆ ಒಂದು ಮಾತು. ಕಂಪ್ಯೂಟರ್ ಕಲಿತವರು ಊರಿಗೊಬ್ಬರು ಸಿಗುತ್ತಾರೆ, ಟಿಪ್ಪಣಿ (ಹೊಲದ ಹಳೆ ಅಳತೆಯ ದಾಖಲೆ) ಓದಲು ಬರುವವರು ಕಡಿಮೆ. ಗುಂಟೆ ಅಂದರೆ 33 ಅಡಿಗೆ 33 ಅಡಿ, ಇಷ್ಟನ್ನು ಎಲ್ಲರೂ ಹೇಳುತ್ತಾರೆ. ಆಕಾರ್‌ಬಂದಿನ (ಸರ್ವೆ ಇಲಾಖೆಯ ವಿಸ್ತೀರ್ಣದ ದಾಖಲೆ) ವಿಸ್ತೀರ್ಣಕ್ಕೂ ಪಹಣಿಯ ವಿಸ್ತೀರ್ಣಕ್ಕೂ ತಾಳೆ ಆಗದಿದ್ದಾಗ ಏನು ಮಾಡುತ್ತೀಯಾ ಅಂತ ಕೇಳಿದರೆ ಓದಿದವರೂ ಬಾಯಿ ಮುಚ್ಚಿಕೊಳ್ಳುತ್ತಾರೆ. ಹಳೆ ಗ್ರಾಮ ನಕ್ಷೆಯನ್ನು ಸ್ಕ್ಯಾನ್ ಮಾಡಿ ಉಪಗ್ರಹ ಚಿತ್ರದ ಮೇಲೆ ಕೂರಿಸುತ್ತೀರಲ್ಲ, ಆ ನಕ್ಷೆಯಲ್ಲಿ ಮೂರು ಊರಿನ ಎಲ್ಲೆ ಸೇರುವ ಕಡೆ ಒಂದು ಕಲ್ಲು ಇರುತ್ತದೆ. ಆ ಕಲ್ಲು ಈಗಲೂ ಅಲ್ಲೇ ಇದೆಯಾ, ಯಾರಾದರೂ ಕಿತ್ತು ಬೇಲಿಗೆ ಹಾಕಿಕೊಂಡಿದ್ದಾರಾ ಅಂತ ನೋಡಿದವನಿಗೆ ಮಾತ್ರ ನಕ್ಷೆ ಸರಿಯಾಗಿ ಕೂರುತ್ತದೆ.

ನಿಮ್ಮ ತಾಲ್ಲೂಕಿನಲ್ಲೇ ಲೈಸೆನ್ಸ್ ಇರುವ ಸರ್ವೇಯರ್‌ಗಳು ಇದ್ದಾರೆ. 11ಇ ಸ್ಕೆಚ್ (ಜಮೀನಿನ ಒಂದು ಭಾಗ ಮಾರುವ ಮುಂಚೆ ಮಾಡಿಸುವ ನಕ್ಷೆ), ಪೋಡಿ (ಜಮೀನು ಅಳೆದು ಬೇರ್ಪಡಿಸುವುದು) ಕೆಲಸಕ್ಕೆ ಹೊಲಕ್ಕೆ ಹೋಗುವಾಗ ಆರು ತಿಂಗಳು ಹಿಂದೆ ಓಡಾಡು. ಸಂಬಳ ಕೇಳಬೇಡ, ಬಸ್ ಚಾರ್ಜು, ಊಟ ಕೇಳು. ಈಗ ರೋವರ್ (ಉಪಗ್ರಹದ ನೆರವಿನಿಂದ ಜಾಗ ಅಳೆಯುವ ಉಪಕರಣ) ಬಂದಿದೆ, ಡ್ರೋನ್ ಬಂದಿದೆ. 2020ರಲ್ಲಿ ಶುರುವಾದ ಸ್ವಾಮಿತ್ವ ಯೋಜನೆಯಲ್ಲಿ ಊರೊಳಗಿನ ಮನೆ ಜಾಗವನ್ನೂ ಡ್ರೋನ್ ಹಾರಿಸಿಯೇ ಅಳೆದರು. ಆದರೆ ಹಾರಿಸುವ ಮುಂಚೆ ಬೀದಿಯಲ್ಲಿ ಸುಣ್ಣದ ಗೆರೆ ಎಳೆದು ಮನೆ ಮನೆಯ ಗಡಿ ತೋರಿಸಬೇಕಿತ್ತು. ಅಕ್ಕಪಕ್ಕದವರ ಜಗಳ ಬಿಡಿಸದೆ ಆ ಗೆರೆ ಬೀಳುವುದಿಲ್ಲ. ಅನುಭವ ಬೇಕು ಅಂದೆಯಲ್ಲ, ಅಲ್ಲಿದೆ ನೋಡು.
— ಚಿಂತಾಮಣಿಯ ಹಿರಿಯರು

*

ಮೇಡಂ, 'ನೂರಕ್ಕೆ ನೂರು ಪ್ಲೇಸ್‌ಮೆಂಟ್' ಅಂತ ಬೋರ್ಡ್ ಹಾಕಿರುವ ಕಡೆ ಇನ್ನೊಂದು ಸಲ ದುಡ್ಡು ಕಟ್ಟಬೇಡಿ. ನಾನು ಕಟ್ಟಿ ಕೆಟ್ಟವನು, ಎಲ್ಲಿ ಅಂತ ಹೇಳುವುದಿಲ್ಲ, ಈಗ ಬೋರ್ಡೇ ಇಲ್ಲ. ಡೆಹ್ರಾಡೂನ್‌ನ ಐಐಆರ್‌ಎಸ್ ಇಸ್ರೊಗೆ ಸೇರಿದ್ದು, ಆನ್‌ಲೈನ್‌ನಲ್ಲಿ ರಿಮೋಟ್ ಸೆನ್ಸಿಂಗ್ (ಉಪಗ್ರಹದಿಂದ ಭೂಮಿಯ ಮಾಹಿತಿ ಪಡೆಯುವುದು), ಜಿಐಎಸ್ ಕೋರ್ಸ್‌ಗಳನ್ನು ಉಚಿತವಾಗಿ ನಡೆಸುತ್ತದೆ, ಸರ್ಟಿಫಿಕೇಟೂ ಬರುತ್ತದೆ. ಎನ್‌ಪಿಟಿಇಎಲ್ ಎಂಬ ಆನ್‌ಲೈನ್ ಪಾಠದ ತಾಣದಲ್ಲಿ ಐಐಟಿ ಮೇಷ್ಟ್ರುಗಳ ಪಾಠ ಇದೆ. ಇಂಗ್ಲಿಷ್ ಮೊದಲು ಕಷ್ಟ ಅನ್ನಿಸುತ್ತದೆ, ನಿಲ್ಲಿಸಿ ನಿಲ್ಲಿಸಿ ಕೇಳಿ.

ನಾನು ಪಾವಗಡದವನು. ಸೋಲಾರ್ ಪಾರ್ಕ್ ಬಂದಾಗ ಸುಮಾರು 13,000 ಎಕರೆ, ಎಲ್ಲ ರೈತರಿಂದ ಗುತ್ತಿಗೆಗೆ ಪಡೆದ ಜಮೀನು. ಯಾರ ಸರ್ವೆ ನಂಬರಿನಲ್ಲಿ ಎಷ್ಟು, ದಾರಿ ಎಲ್ಲಿ, ಹಳ್ಳ ಎಲ್ಲಿ, ಲೈನ್ ಎಲ್ಲಿ, ಇದೆಲ್ಲ ನಕ್ಷೆಯೇ ತಾನೇ? ಇಂಥ ಕೆಲಸ ನಮ್ಮ ಕಡೆಯೂ ಹುಟ್ಟುತ್ತದೆ, ಬೆಂಗಳೂರೇ ಆಗಬೇಕು ಅಂತಿಲ್ಲ. ಆದರೆ ಬಹಳಷ್ಟು ಗುತ್ತಿಗೆ ಕೆಲಸ, ಪ್ರಾಜೆಕ್ಟ್ ಮುಗಿದರೆ ನೀವೂ ಮುಗಿದಿರಿ. ಅದಕ್ಕೇ ನಾನು ಮೇಲಿನ ಅಕ್ಕನ ಮಾತು ಪೂರ್ತಿ ಒಪ್ಪುವುದಿಲ್ಲ. ಮನೆಯಲ್ಲಿ ಎರಡು ವರ್ಷ ತಡೆದುಕೊಳ್ಳುವ ಶಕ್ತಿ ಇದ್ದರೆ ಎಂ.ಎಸ್ಸಿ. ಮುಗಿಸಿಬಿಡಿ. ಗದಗದ ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ವಿಶ್ವವಿದ್ಯಾಲಯದಲ್ಲಿ ಜಿಯೊಇನ್‌ಫರ್ಮ್ಯಾಟಿಕ್ಸ್ (ಜಿಐಎಸ್ ಸೇರಿದ ಭೂಮಾಹಿತಿ ವಿಜ್ಞಾನ) ಇದೆ. ಬಿ.ಎ. ಭೂಗೋಳ ನಡೆಯುತ್ತದಾ, ಬಿ.ಎಸ್ಸಿ.ಯೇ ಬೇಕಾ ಅಂತ ಎಲ್ಲಿ ಅರ್ಜಿ ಹಾಕಿದರೂ ಮೊದಲೇ ಕೇಳಿಕೊಳ್ಳಿ. ಓದುವಾಗಲೇ ಪೈಥಾನ್, ಎಸ್‌ಕ್ಯೂಎಲ್ ಎಂಬ ಕಂಪ್ಯೂಟರ್ ಭಾಷೆಗಳನ್ನು ಸ್ವಲ್ಪ ಕಲಿತಿರಿ. ನನಗೆ ಬರುತ್ತಿರಲಿಲ್ಲ, ಅದಕ್ಕೇ ಮೂರು ಕಡೆ ತಪ್ಪಿತು.
— ಪಾವಗಡದ ಓದುಗ

*

ಅಪ್ಪ ಹೇಳಿದ್ದರಲ್ಲಿ ತಪ್ಪೇನಿದೆ? ಬಿ.ಇಡಿ. ಮಾಡಿದರೆ ಜಿಐಎಸ್ ಮರೆತುಹೋಗುತ್ತದಾ? ನಾನು ಪ್ರೌಢಶಾಲೆಯಲ್ಲಿ ಸಮಾಜ ವಿಜ್ಞಾನ ಹೇಳಿಕೊಡುತ್ತೇನೆ. ಇಸ್ರೊದ ಭುವನ್ ನಕ್ಷೆ ತಾಣ ತೆರೆದು ಮಕ್ಕಳಿಗೆ ಅವರವರ ಮನೆ ಹುಡುಕಿ ಅಂತೀನಿ, ಆ ದಿನ ಬೆಲ್ ಹೊಡೆದರೂ ಯಾರೂ ಏಳುವುದಿಲ್ಲ.
— ತುಮಕೂರಿನ ಶಿಕ್ಷಕಿ

*

ನಮ್ಮಪ್ಪನೂ ಇದೇ ಮಾತು ಹೇಳುತ್ತಿದ್ದರು ಕಣೇ. ವಾದ ಮಾಡಿ ಮಾಡಿ ಸಾಕಾಗಿ, ಒಂದು ದಿನ ಫೋನಿಗೆ ದಿಶಾಂಕ್ ಆ್ಯಪ್ ಹಾಕಿಕೊಂಡು ಅವರ ಜೊತೆ ಹೊಲಕ್ಕೆ ಹೋದೆ. ಹುಣಸೆ ಮರದ ಕೆಳಗೆ ನಿಂತು ತೋರಿಸಿದೆ. ನಾವು ನಿಂತ ಜಾಗದ ಸರ್ವೆ ನಂಬರ್ ಬಂತು. ಅಪ್ಪ ಕನ್ನಡಕ ಹಾಕಿಕೊಂಡು ನೋಡಿದರು, ನಾಲ್ಕು ಹೆಜ್ಜೆ ನಡೆದು ಮತ್ತೆ ನೋಡಿದರು. "ಗೆರೆ ಬದುವಿನ ಮೇಲೆ ಇಲ್ವಲ್ಲಮ್ಮ, ಆ ಕಡೆ ಇದೆ" ಅಂದರು. ಫೋನಿನ ಜಿಪಿಎಸ್ ಕೆಲವು ಮೀಟರ್ ಆಚೀಚೆ ತೋರಿಸುತ್ತದೆ ಅಪ್ಪ, ಹಳೆ ನಕ್ಷೆಯನ್ನು ಹೊಸ ಚಿತ್ರದ ಮೇಲೆ ಕೂರಿಸುವಾಗಲೂ ಸ್ವಲ್ಪ ಜರುಗುತ್ತದೆ, ಅದನ್ನು ಸರಿ ಮಾಡುವುದೇ ನಾನು ಕಲಿಯಬೇಕು ಅಂತಿರುವ ಕೆಲಸ ಅಂದೆ. ಏನೂ ಮಾತಾಡಲಿಲ್ಲ. ಸಂಜೆ ಪಕ್ಕದ ಹೊಲದವರನ್ನು ಮನೆಗೆ ಕರೆದುಕೊಂಡು ಬಂದರು. "ಇವರದ್ದೂ ಒಂದು ನೋಡಮ್ಮ" ಅಂದರು.
— ಗೌರಿಬಿದನೂರಿನಿಂದ, ನಿನ್ನ ಓರಗೆಯವಳು