ಮಧ್ಯಾಹ್ನವಾದರೆ ಸ್ಮಾರ್ಟ್ ಲಾಕ್ ಬೀಳುವುದಿಲ್ಲ: ತೆಗೆದು ಹಳೆ ಕೀಲಿಯನ್ನೇ ಹಾಕಿಸಲೇ?

ರಾಯಚೂರು_ಮನೆ:
ಎಲ್ಲರಿಗೂ ನಮಸ್ಕಾರ. ನಮ್ಮ ತಲಬಾಗಿಲು ಪಶ್ಚಿಮಕ್ಕಿದೆ, ತೇಗದ ಒಂಟಿ ಕದ. ನಾಲ್ಕು ತಿಂಗಳ ಹಿಂದೆ ಬೆರಳಚ್ಚಿನ ಸ್ಮಾರ್ಟ್ ಲಾಕ್ ಹಾಕಿಸಿದೆವು. ಚಳಿಗಾಲದಲ್ಲಿ ಏನೂ ತೊಂದರೆ ಇರಲಿಲ್ಲ. ಏಪ್ರಿಲ್ ಬಂದ ಮೇಲೆ ಮಧ್ಯಾಹ್ನ ಎರಡರಿಂದ ಸಂಜೆವರೆಗೆ ಲಾಕ್ ಬೀಳುವುದೇ ಇಲ್ಲ. ಮೋಟಾರ್ ಗುರ್ ಅನ್ನುತ್ತದೆ, ಕೆಂಪು ದೀಪ ಹತ್ತುತ್ತದೆ, ಅಷ್ಟೇ. ಬೆಳಿಗ್ಗೆ ಸರಿಯಾಗಿರುತ್ತದೆ. ನಾಲ್ಕು ಸೆಲ್ ಮೂರೇ ವಾರಕ್ಕೆ ಮುಗಿಯುತ್ತಿವೆ.

ಇನ್ನೊಂದು, ಅವ್ವನ ಬೆರಳನ್ನು ಅದು ಹಿಡಿಯುವುದಿಲ್ಲ. ಮೊನ್ನೆ ಗುಡಿಗೆ ಹೋಗಿ ಬಂದವಳು ನಾನು ಬರುವ ತನಕ ಒಂದು ತಾಸು ಕಟ್ಟೆ ಮೇಲೆ ಕೂತಿದ್ದಳು. ನೋಡಿ ಕರುಳು ಚುರ್ ಎಂದಿತು. ಇದನ್ನು ಕಿತ್ತು ಏಳು ಲಿವರಿನ ಕೀಲಿ ಹಾಕಿಸಲೇ? ನಮ್ಮ ಬಿಸಿಲಿಗೆ ಇವು ತಡೆಯುವುದಿಲ್ಲವೇ?

ಸಿಂಧನೂರು_ಬಡಿಗೆ:
ಅಣ್ಣಾ, ಈಗಲೇ ಕೀಳಬೇಡಿ. ನನಗೆ ಅನುಮಾನ ಇರುವುದು ಕದದ ಮೇಲೆ. ಮಧ್ಯಾಹ್ನ ಬಾಗಿಲು ತೆರೆದಿಟ್ಟೇ ಲಾಕ್ ಒತ್ತಿ ನೋಡಿ. ಲಾಕಿನ ನಾಲಿಗೆ, ಅಂದರೆ ಹೊರಗೆ ಚಾಚುವ ಲೋಹದ ತುಂಡು, ಸಲೀಸಾಗಿ ಬಂದರೆ ಮೋಟಾರ್ ಚೆನ್ನಾಗಿದೆ ಎಂದರ್ಥ. ಮುಚ್ಚಿದಾಗ ಮಾತ್ರ ಸಿಕ್ಕಿಕೊಂಡರೆ ಅದು ಚೌಕಟ್ಟಿನಲ್ಲಿ ನಾಲಿಗೆ ಹೋಗುವ ತೂತಿರುವ ಲೋಹದ ಪಟ್ಟಿಗೆ ತಾಗುತ್ತಿದೆ.

ಎಲ್ಲಿ ತಾಗುತ್ತಿದೆ ಅಂತ ತಿಳಿಯಬೇಕಲ್ವಾ? ಚಿಟಿಕೆ ಕುಂಕುಮಕ್ಕೆ ಎರಡು ಹನಿ ಕೊಬ್ಬರಿ ಎಣ್ಣೆ ಹಾಕಿ ಕಲಸಿ, ನಾಲಿಗೆಯ ತುದಿಗೆ ಹಚ್ಚಿ. ಬಾಗಿಲು ಮುಚ್ಚಿ ಒಮ್ಮೆ ಲಾಕ್ ಒತ್ತಿ, ತೆರೆಯಿರಿ. ಪಟ್ಟಿಯ ತೂತಿನ ಯಾವ ಅಂಚಿಗೆ ಕೆಂಪು ಹತ್ತಿದೆಯೋ ಅದೇ ಜಾಗ.

ಮನೆಯೊಳಗೆ ನೀರಿನ ಕೂಲರ್ ಓಡುತ್ತದೆಯೇ? ಹೊರಗೆ ಬಿಸಿಲಿಗೆ ಕದದ ಮೈ ಒಣಗಿ ಕುಗ್ಗುತ್ತದೆ. ಒಳಗಿನ ಮೈ ಕೂಲರಿನ ತೇವ ಕುಡಿದು ಹಿಗ್ಗುತ್ತದೆ. ಕದ ಸ್ವಲ್ಪ ಬಾಗುತ್ತದೆ. ಒಂದೆರಡು ಮಿಲಿಮೀಟರ್ ಸಾಕು. ಕೈಯಲ್ಲಿ ತಿರುಗಿಸುವ ಕೀಲಿಯಾಗಿದ್ದರೆ ಹೆಗಲು ಕೊಟ್ಟು ಬಾಗಿಲು ಒತ್ತಿ ಹಾಕಿಬಿಡುತ್ತೇವೆ. ಮೋಟಾರಿಗೆ ಆ ಉಪಾಯ ಗೊತ್ತಿಲ್ಲ. ತಡೆದಲ್ಲೇ ತಿಣುಕುತ್ತದೆ, ತಿಣುಕಿದಷ್ಟೂ ಸೆಲ್ ಎಳೆಯುತ್ತದೆ. ನಿಮ್ಮ ಸೆಲ್ ಬೇಗ ಮುಗಿಯಲು ಇದೇ ಕಾರಣ ಇರಬಹುದು.

ಮೇಲಿನ ಬಿಜಾಗರಿಯ ಸ್ಕ್ರೂ ಸಡಿಲವಿದ್ದರೆ ಮೊದಲು ಅದನ್ನು ಬಿಗಿ ಮಾಡಿಸಿ. ಆಮೇಲೂ ತಾಗಿದರೆ ಪಟ್ಟಿಯ ತೂತನ್ನು ಅರದಿಂದ ಉಜ್ಜಿಸಿ.

ಶಕ್ತಿನಗರ_ವೈರಿಂಗ್:
ಒಂದು ಮಾತು ಸೇರಿಸುತ್ತೇನೆ. ಚಾರ್ಜ್ ಮಾಡುವ ಸೆಲ್ ಹಾಕಿದ್ದೀರಾ? ಅವು 1.2 ವೋಲ್ಟ್, ಆಲ್ಕಲೈನ್ ಸೆಲ್ 1.5. ನಾಲ್ಕು ಸೇರಿದರೆ 6ರ ಬದಲು 4.8 ಆಗುತ್ತದೆ, ಸೆಲ್ ಮುಗಿಯಿತು ಎಂದು ಲಾಕ್ ಬೇಗ ಹೇಳುತ್ತದೆ. ಆಲ್ಕಲೈನ್ ಹಾಕಿ, ನಾಲ್ಕನ್ನೂ ಒಟ್ಟಿಗೇ ಬದಲಿಸಿ.

ಕರೆಂಟ್ ಹೋದರೂ ಇದು ಸೆಲ್ ಮೇಲೆ ನಡೆಯುತ್ತದೆ. ವೈಫೈ ಇಲ್ಲದಿದ್ದರೆ ದೂರದಿಂದ ಫೋನಿನಲ್ಲಿ ತೆರೆಯಲು ಆಗುವುದಿಲ್ಲ, ಬೆರಳು ಮತ್ತು ನಂಬರ್ ಕೆಲಸ ಮಾಡುತ್ತವೆ. ಸೆಲ್ ಪೂರ್ತಿ ಸತ್ತರೆ ಹೊರಗಡೆ ಎರಡು ಲೋಹದ ಚುಕ್ಕೆ ಇವೆಯೇ ನೋಡಿ. ಅಲ್ಲಿ 9 ವೋಲ್ಟಿನ ಬ್ಯಾಟರಿ ಹಿಡಿದು ಬೆರಳು ಕೊಟ್ಟರೆ ತೆರೆಯುತ್ತದೆ. ಕೆಲವಕ್ಕೆ ಟೈಪ್ ಸಿ ತೂತು ಇರುತ್ತದೆ.

ಸಿಂಧನೂರು_ಬಡಿಗೆ:
ಅವ್ವನ ವಿಷಯ ಇದೆಲ್ಲಕ್ಕಿಂತ ಮುಖ್ಯ. ಜೀವನವಿಡೀ ಹೊಲ, ಪಾತ್ರೆ, ರೊಟ್ಟಿ ಬಡಿದ ಕೈ. ಬೆರಳಿನ ಗೆರೆ ಸವೆದಿರುತ್ತವೆ. ಅದಕ್ಕೆ ಅವರು ಹೊರಗೆ ಕೂರಬಾರದು. ಒಂದೇ ಬೆರಳನ್ನು ಮೂರು ನಾಲ್ಕು ಸಲ ದಾಖಲಿಸಿ ನೋಡಿ. ಆಗದಿದ್ದರೆ ಲಾಕಿನ ಜೊತೆ ಬಂದ ಕೀಲಿಕೈಯನ್ನೇ ಅವರಿಗೆ ಕೊಡಿ. ಕೀಲಿಕೈ ತೂತಿಗೆ ಎಣ್ಣೆ ಬಿಡಬೇಡಿ, ನಮ್ಮ ಕಡೆ ಧೂಳು ಅಂಟಿ ಕೆಡುತ್ತದೆ. ಗ್ರಾಫೈಟ್ ಪುಡಿ ಹಾಕಿ.

ಕೀಲಿಕೈ ತೂತೇ ಇಲ್ಲದ ಸ್ಮಾರ್ಟ್ ಲಾಕ್ ಆಗಿದ್ದರೆ ನಾನೇ ಬೇಡ ಅನ್ನುತ್ತಿದ್ದೆ. ವಾರಗಟ್ಟಲೆ ಮನೆ ಮುಚ್ಚಿ ಊರಿಗೆ ಹೋಗುವವರಿಗೆ, ಜೋಡಿ ಕದದ ಹಳೆ ಮನೆಗೆ ಲಿವರ್ ಕೀಲಿಯೇ ವಾಸಿ. ದಿನಕ್ಕೆ ಹತ್ತು ಸಲ ಮಕ್ಕಳು ಬಂದು ಹೋಗುವ ಮನೆಗೆ ಸ್ಮಾರ್ಟ್ ಅನುಕೂಲ. ಹಗಲು ಒಳಗಿನಿಂದ ಅಗಳಿ ಹಾಕಬೇಡಿ. ಹಾಕಿದರೆ ಹೊರಗಿನವರಿಗೆ ಬೆರಳೂ ಇಲ್ಲ, ಕೀಲಿಕೈಯೂ ಇಲ್ಲ.

ರಾಯಚೂರು_ಮನೆ:
ಕುಂಕುಮ ಕೆಳಗಿನ ಅಂಚಿಗೇ ಹತ್ತಿತ್ತು! ಬಿಜಾಗರಿಯ ಎರಡು ಸ್ಕ್ರೂ ಕೈಯಲ್ಲೇ ತಿರುಗುವಷ್ಟು ಸಡಿಲವಾಗಿದ್ದವು. ಉದ್ದನೆಯ ಸ್ಕ್ರೂ ಹಾಕಿಸಿ, ತೂತು ಚೂರು ಉಜ್ಜಿಸಿದೆವು. ಐದು ದಿನವಾಯಿತು, ಮಧ್ಯಾಹ್ನ ಮೂರಕ್ಕೂ ಟಕ್ ಅಂತ ಬೀಳುತ್ತಿದೆ. ಸೆಲ್ ಎಷ್ಟು ದಿನ ಬರುತ್ತವೆ ನೋಡಿ ತಿಳಿಸುತ್ತೇನೆ. ಅವ್ವನ ಬೆರಳು ಐದು ಸಲಕ್ಕೂ ಹಿಡಿಯಲಿಲ್ಲ. ಕೀಲಿಕೈ ಈಗ ಅವಳ ಎಲೆ ಅಡಿಕೆ ಸಂಚಿಯಲ್ಲಿದೆ. ನಿನ್ನೆ ತಾನೇ ತೆಗೆದುಕೊಂಡು ಒಳಗೆ ಬಂದಳು.