ದೊಡ್ಡವರಾದ ವಿಶೇಷಚೇತನ ಮಕ್ಕಳಿಗೆ ಊರಿನಂಥ ವಾಸ: ಮೊದಲು ಏನು ಮಾಡಬೇಕು?

ಬನಶಂಕರಿ ಪೋಷಕರು: ಐದು ಕುಟುಂಬ ಸೇರಿ ಕನಕಪುರ ರಸ್ತೆ ಕಡೆ ಎರಡು ಎಕರೆ ನೋಡ್ತಿದ್ದೀವಿ. ಮಕ್ಕಳೆಲ್ಲ 20 ದಾಟಿದವರು; ಆಟಿಸಂ, ಡೌನ್ ಸಿಂಡ್ರೋಮ್, ಒಬ್ಬನಿಗೆ ಫಿಟ್ಸ್. ಹಾಸ್ಟೆಲ್ ಥರ ಆಗಬಾರದು. ಜಮೀನು, ಮನೆ, ಕಾಗದಪತ್ರ, ಯಾವುದು ಮೊದಲು?

ತೋಟದಮನೆ: ಜಮೀನು ಕೊನೆಗಿರಲಿ. ಕೃಷಿ ಭೂಮಿಯಾದರೆ ಕಟ್ಟೋಕೆ ಭೂ ಪರಿವರ್ತನೆ ಬೇಕು, ದುಡ್ಡೆಲ್ಲ ಅಲ್ಲೇ ಸಿಕ್ಕಿಹಾಕಿಕೊಳ್ಳುತ್ತೆ. ಹಿತ್ತಲಿರೋ ಬಾಡಿಗೆ ಮನೇಲಿ ಒಂದು ವರ್ಷ ನಡೆಸಿ ನೋಡಿ. ವಿಶೇಷಚೇತನರ ಜೊತೆ ಒಟ್ಟಿಗೆ ಬಾಳೋ ಊರುಗಳನ್ನ ನಡೆಸೋ ಕ್ಯಾಂಪ್‌ಹಿಲ್ ಅನ್ನೋ ಸಮುದಾಯದವರು ವಯಸ್ಕರಿಗೆ ಮೊದಲ ಹಳ್ಳಿ ಕಟ್ಟಿದ್ದು 1955ರಲ್ಲಿ, ಇಂಗ್ಲೆಂಡಿನ ಬಾಟನ್‌ನಲ್ಲಿ. ಅದರ ತಿರುಳು ಎಕರೆ ಲೆಕ್ಕದಲ್ಲಿಲ್ಲ. ಜೊತೆಗಿರೋರೂ ಅದೇ ಮನೇಲಿ ಮಲಗಿ, ಅದೇ ಅಡುಗೆ ಉಣ್ಣೋದರಲ್ಲಿದೆ. ಪಾಳಿ ಸಿಬ್ಬಂದಿ ಮಾತ್ರ ಇಟ್ಟರೆ ಅದು ಹಾಸ್ಟೆಲ್ಲೇ.

ಐವರನ್ನೂ ಒಂದೇ ದಿನ ತಂದು ಬಿಡಬೇಡಿ. ಮೊದಲು ಒಬ್ಬರು, ಎರಡು ರಾತ್ರಿ. ಆಮೇಲೆ ಒಂದು ವಾರ. ಹೊಂದಿಕೊಂಡ ಮೇಲೆ ಮುಂದಿನವರು.

ಮನೆಯಮ್ಮ: ಫಿಟ್ಸ್ ಇರೋರಿಗೆ ಬಚ್ಚಲೇ ಅಪಾಯದ ಜಾಗ. ಬಾಗಿಲು ಹೊರಕ್ಕೆ ತೆರೆಯಬೇಕು. ಒಳಕ್ಕೆ ತೆರೆದರೆ, ಬಿದ್ದವರ ಮೈ ಅಡ್ಡ ಬಂದು ತಳ್ಳೋಕೇ ಆಗಲ್ಲ. ಒಳಗೆ ಚಿಲಕ ಬೇಡ, ಹೊರಗಿಂದ ನಾಣ್ಯ ತಿರುಗಿಸಿ ತೆಗೆಯೋ ಲಾಕ್ ಹಾಕಿ. ಮಾತ್ರೆ ಏಳು ದಿನದ ಡಬ್ಬಿಯಲ್ಲಿ ತುಂಬಿಡಿ, ಎರಡು ವಾರದ ದಾಸ್ತಾನು ಬೇರೆ ಇರಲಿ. ಹಬ್ಬದ ರಜೆಗೆ ಊರಿಗೆ ಕಳಿಸುವಾಗಲೇ ಡೋಸ್ ತಪ್ಪೋದು; ತಪ್ಪಿದರೆ ಫಿಟ್ಸ್ ಮರುಕಳಿಸಬಹುದು.

ಬನಶಂಕರಿ ಪೋಷಕರು: ಹಗಲಿನ ಕೆಲಸ? ಮೇಣದಬತ್ತಿ, ಪೇಪರ್ ಕವರ್ ಅಂತ ಯೋಚಿಸಿದ್ದೀವಿ.

ತೋಟದಮನೆ: ಮಾರಾಟವಾಗದೆ ಮೂಲೇಲಿ ಬೀಳೋ ವಸ್ತು ಬೇಡ. ಅವರಿಗೂ ಗೊತ್ತಾಗುತ್ತೆ, ಅದೇ ಬೇಜಾರು. ಅವತ್ತಿನ ಊಟಕ್ಕೆ ಬೇಕಾದ ಕೆಲಸ ಕೊಡಿ. ಬದನೆ ಸಸಿ ನೆಡೋಕೆ ಎರಡು ಅಡಿ ಕೋಲು ಕತ್ತರಿಸಿ, ಎರಡೂ ತುದಿಗೆ ಕೆಂಪು ಬಣ್ಣ ಬಳಿಯಿರಿ. ಒಬ್ಬ ಕೋಲು ಇಡ್ತಾನೆ, ಇನ್ನೊಬ್ಬಳು ಗುಳಿ ತೋಡ್ತಾಳೆ, ಮೂರನೆಯವನು ಸಸಿ ಇಟ್ಟು ಮಣ್ಣು ಒತ್ತುತ್ತಾನೆ. ಅಂತರ ಎಣಿಸಬೇಕಿಲ್ಲ, ಕೆಂಪು ಕಂಡಲ್ಲಿ ಗುಳಿ. ಒಬ್ಬರು ನಿಂತರೆ ಸಾಲೇ ನಿಲ್ಲುತ್ತೆ, ಹಾಗಾಗಿ ಒಬ್ಬರನ್ನೊಬ್ಬರು ಕರೆದುಕೊಂಡು ಬರ್ತಾರೆ. ಒಂದು ಸಲಕ್ಕೆ 40 ನಿಮಿಷ ಸಾಕು. ನಿಧಾನ ಅಂತ ಸಹಾಯಕರು ತಾವೇ ಮಾಡಿ ಮುಗಿಸೋದು ಇಲ್ಲಿ ಆಗೋ ದೊಡ್ಡ ತಪ್ಪು.

ಇನ್ನು ಕಾಗದಪತ್ರದ ವಿಷಯ. 18 ತುಂಬಿದ ಮೇಲೆ ಹೆತ್ತವರು ತಾವಾಗಿಯೇ ಕಾನೂನುಬದ್ಧ ಪಾಲಕರಾಗಿ ಉಳಿಯಲ್ಲ. ರಾಷ್ಟ್ರೀಯ ನ್ಯಾಸ ಕಾಯ್ದೆ 1999ರ 14ನೇ ಸೆಕ್ಷನ್ ಪ್ರಕಾರ, ಜಿಲ್ಲಾಧಿಕಾರಿ ಇರೋ ಸ್ಥಳೀಯ ಮಟ್ಟದ ಸಮಿತಿಗೆ ಅರ್ಜಿ ಹಾಕಿ. ಅದಕ್ಕೂ ಮುಂಚೆ ಯುಡಿಐಡಿ ಕಾರ್ಡ್ (ಸರ್ಕಾರ ಕೊಡೋ ಅಂಗವೈಕಲ್ಯ ಗುರುತಿನ ಚೀಟಿ) ಮಾಡಿಸಿಟ್ಟುಕೊಳ್ಳಿ. ರಾಷ್ಟ್ರೀಯ ನ್ಯಾಸದ ಆರೋಗ್ಯ ವಿಮೆ ನಿರಾಮಯದಲ್ಲಿ 1 ಲಕ್ಷದವರೆಗೆ ಚಿಕಿತ್ಸೆ ವೆಚ್ಚ ಸಿಗುತ್ತೆ, ನವೀಕರಣ ಮರೀಬೇಡಿ. ವಿಲ್ ಬರೆಯುವಾಗ ಆಸ್ತಿ ನೇರ ಮಗುವಿನ ಹೆಸರಿಗೆ ಬೇಡ, ಟ್ರಸ್ಟ್ ಮೂಲಕ ಹೋಗಲಿ. ಐದೂ ಮನೆಯವರು ಒಬ್ಬರೇ ವಕೀಲರ ಹತ್ತಿರ ಕೂತು ಬರೆಸಿ.